ಪೆಟ್ರೋಲ್ ಕಾರಿನ ಫ್ಯುಯೆಲ್ ಫಿಲ್ಟರ್ ಬದಲಿಸುವ ಕ್ರಮ

ಫ್ಯುಯೆಲ್ ಫಿಲ್ಟರ್ ಬದಲಿಸುವುದು ಕಷ್ಟದ ಕೆಲಸವಲ್ಲವಾದರೂ ಪೆಟ್ರೋಲ್ ಪೈಪಿಗೆ ಕೈ ಹಾಕುವ ಕೆಲಸವಾದ್ದರಿಂದ ಅವಸರ ಸಲ್ಲದು. ಫಿಲ್ಟರ್ ಎಲ್ಲಿದೆಯೆಂದು ಮೊದಲು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಈಚಿನ ಅನೇಕ ಕಾರುಗಳಲ್ಲಿ ಅದು ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇರುತ್ತದೆ. ಅದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಸರಿ. ಇಲ್ಲಿನ ವಿವರಣೆ ಕಾರಿನ ಅಡಿಯಲ್ಲೋ ಬಾನೆಟ್ಟಿನ ಕೆಳಗೋ ಪೈಪಿನ ನಡುವೆ ಕೂತಿರುವ ಫಿಲ್ಟರಿಗೆ ಮಾತ್ರ.

ಇಂಜೆಕ್ಷನ್ ಎಂಜಿನ್ನಿನ (ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಎಂಜಿನ್) ಪೈಪಿನಲ್ಲಿ ಪೆಟ್ರೋಲ್ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದಲ್ಲಿರುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಈ ಒತ್ತಡ ಬಹಳ ಹೊತ್ತು ಉಳಿಯುವುದರಿಂದ, ಹಾಗೆಯೇ ಪೈಪ್ ಬಿಚ್ಚಿದರೆ ಪೆಟ್ರೋಲ್ ನೇರವಾಗಿ ಕಣ್ಣಿಗೇ ಚಿಮ್ಮಬಹುದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದೇ: ಫ್ಯುಯೆಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ, ಅದು ತಾನಾಗಿಯೇ ನಿಲ್ಲುವವರೆಗೆ ಕಾದು, ಮತ್ತೊಮ್ಮೆ ಕೆಲವು ಸೆಕೆಂಡು ಸೆಲ್ಫ್ ಹೊಡೆಯಬೇಕು. ಬಳಿಕ ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಬೇಕು.

ಪೆಟ್ರೋಲ್ ಆವಿ ಗಾಳಿಗಿಂತ ಭಾರವಾಗಿದ್ದು ನೆಲಮಟ್ಟದಲ್ಲೇ ಹರಡುತ್ತದೆ. ಆದ್ದರಿಂದ ನೆಲಮಾಳಿಗೆಯನ್ನು ಬಿಟ್ಟು ಬಯಲಿನಲ್ಲೇ, ಬೆಂಕಿ ಆರಿಸುವ ಸಾಧನವನ್ನು ಕೈಗೆಟಕುವಂತೆ ಇಟ್ಟುಕೊಂಡು ಕೆಲಸ ಮಾಡಿ. ಕಾರಿನ ಕೆಳಗೆ ಹೋಗಬೇಕಿದ್ದರೆ ಕೇವಲ ಜಾಕ್ ನಂಬದೆ ಸ್ಟ್ಯಾಂಡ್ ಕೊಡಿ. ಕನ್ನಡಕ, ಕೈಗವಸು ಇರಲೇಬೇಕು.

ಬಿಚ್ಚುವ ಮೊದಲು ಜಾಯಿಂಟಿನ ಸುತ್ತಲಿನ ಮಣ್ಣನ್ನು ಬಟ್ಟೆಯಿಂದ ಒರೆಸಿ, ಕೆಳಗೊಂದು ಟ್ರೇ ಇಡಿ. ನಟ್ ಇರುವ ಜಾಯಿಂಟಾದರೆ ಒಂದು ಸ್ಪ್ಯಾನರಿನಿಂದ ಫಿಲ್ಟರನ್ನು ಹಿಡಿದು ಇನ್ನೊಂದರಿಂದ ನಟ್ ತಿರುಗಿಸಬೇಕು, ಇಲ್ಲದಿದ್ದರೆ ಪೈಪೇ ಮುರುಚಿಕೊಳ್ಳುತ್ತದೆ. ಕ್ಲಿಪ್ಪಿನ ಜಾಯಿಂಟಾದರೆ ಕ್ಲಿಪ್ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು.

ಹೊಸ ಫಿಲ್ಟರಿನ ಮೈಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗೆ ಇರಬೇಕು. ವಾಷರ್‌ಗಳಿದ್ದರೆ ಹೊಸದನ್ನೇ ಹಾಕಿ. ಕ್ಲಿಪ್ 'ಟಕ್' ಎಂದು ಕೂತ ಮೇಲೂ ಪೈಪನ್ನು ಒಮ್ಮೆ ಎಳೆದು ನೋಡಿ.

ಫ್ಯೂಸ್, ಬ್ಯಾಟರಿ ಜೋಡಿಸಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಕೀಲಿಯನ್ನು ಎರಡು ಮೂರು ಬಾರಿ ಆನ್ ಮಾಡಿ ಆಫ್ ಮಾಡಿದರೆ ಪಂಪು ಪೈಪಿನಲ್ಲಿ ಪೆಟ್ರೋಲ್ ತುಂಬಿಸುತ್ತದೆ. ಆಗ ಎರಡೂ ಜಾಯಿಂಟುಗಳನ್ನು ಒಣ ಕಾಗದದಿಂದ ಒರೆಸಿ ನೋಡಿ. ಕಾಗದ ಒದ್ದೆಯಾದರೆ ಮತ್ತೆ ಒತ್ತಡ ಇಳಿಸಿ ಸರಿಪಡಿಸಿ. ಎಂಜಿನ್ ಕೆಲವು ನಿಮಿಷ ಓಡಿದ ಮೇಲೂ ಇದೇ ಪರೀಕ್ಷೆಯಾಗಲಿ.

ಹಳೆಯ ಫಿಲ್ಟರಿನಲ್ಲಿ ಉಳಿದ ಪೆಟ್ರೋಲನ್ನು, ಟ್ಯಾಂಕಿನ ಕಡೆಯ ತುದಿಯಿಂದ ಬಿಳಿಯ ಲೋಹದ ಪಾತ್ರೆಗೆ ಸುರಿದು ನೋಡಿ. ತುಕ್ಕಿನ ಪುಡಿಯೋ ತಳದಲ್ಲಿ ನೀರಿನ ಹನಿಗಳೋ ಕಂಡರೆ ಟ್ಯಾಂಕನ್ನೂ ಶುಚಿಗೊಳಿಸಬೇಕಾಗುತ್ತದೆ.