ಬೋರ್ಡೋ ಕಲಸಿದ್ರಾ? ಮದ್ದು ಬಿಡುವ ಮೊದ್ಲು ಪಿಎಚ್ ನೋಡಿ

ಮಳೆ ಹಿಡಿಯುವ ಮೊದ್ಲು ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ, ಅಂದ್ರೆ ತುತ್ತು ಸುಣ್ಣ ಕಲಸಿದ ಮದ್ದು, ಬಿಡುವ ಗಡಿಬಿಡಿ ಎಲ್ಲ ಕಡೆ ಉಂಟು, ಕಾರ್ಕಳ ಹೆಬ್ರಿ ಇರ್ಲಿ, ಇತ್ಲಾಗಿ ಬಂಟ್ವಾಳ ವಿಟ್ಲ ಇರ್ಲಿ. ಲೆಕ್ಕ ಎಲ್ಲರಿಗೂ ಬಾಯಿಪಾಠ: 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಆದ್ರೆ ಈ ಲೆಕ್ಕವನ್ನೇ ನಂಬಿ ಕೂತ್ಕೊಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಯಾಕಂದ್ರೆ ಸುಣ್ಣ ಗೋಣಿಯಲ್ಲಿ ತುಂಬಾ ದಿನ ಕೂತ್ರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಬರೀ ಕ್ಯಾಲ್ಸಿಯಂ ಕಾರ್ಬೊನೇಟ್ ಆಗ್ತಾ ಹೋಗ್ತದೆ, ತಕ್ಕಡಿಗೆ ಹಾಕಿದ್ರೆ ಕೆಜಿ ಸರಿ ಇರ್ತದೆ, ಶಕ್ತಿ ಮಾತ್ರ ಇರುದಿಲ್ಲ.

ಪಿಎಚ್ ಅಂದ್ರೆ ಆಸಿಡ್ ಎಷ್ಟು, ಕ್ಷಾರ ಎಷ್ಟು ಅಂತ ಹೇಳುವ ಅಳತೆ, 7 ಅಂದ್ರೆ ಎರಡೂ ಅಲ್ಲ, ಕೆಳಗೆ ಆಸಿಡ್, ಮೇಲೆ ಕ್ಷಾರ. ತುತ್ತಿನ ನೀರು ಆಸಿಡ್, ಪಿಎಚ್ 4ರ ಆಸುಪಾಸು. ಸುಣ್ಣದ ನೀರು 12ರ ಮೇಲೆ, ಗಟ್ಟಿ ಕ್ಷಾರ. ಎರಡೂ ಸೇರಿದ ಮೇಲೆ 7ರಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ನಿಲ್ಬೇಕು. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸನ್ ಮಾಡಿದ ಈ ಅಳತೆಯಲ್ಲಿ ಒಂದು ಅಂಕ ಇಳಿದ್ರೆ ಆಸಿಡ್ ಹತ್ತು ಪಟ್ಟು ಏರ್ತದೆ, ಹಾಗಾಗಿ 5 ಅಂದ್ರೆ 7ಕ್ಕಿಂತ ನೂರು ಪಟ್ಟು. ಆಸಿಡ್ ಉಳಿದ್ರೆ ಕರಗಿದ ತಾಮ್ರವೂ ಹಾಗೇ ಉಳಿತದೆ, ಎಳೆ ಕಾಯಿ, ಹಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟುಹೋಗ್ತದೆ. ವರ್ಷವಿಡೀ ಕಾದ ಫಸಲು ಅದು, ಸುಮ್ನೆ ಹಾಳು ಮಾಡ್ಬಾರ್ದು.

ಮೊದ್ಲು ತುತ್ತನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೇಲೆಯೇ ನೇತಾಡುವ ಹಾಗೆ ಇಳಿಬಿಡಿ. ಕರಗಿದ ನೀರು ಭಾರ, ನೀಲಿ ಎಳೆ ಎಳೆಯಾಗಿ ಕೆಳಗೆ ಇಳಿತದೆ, ಮೇಲಿನ ಖಾಲಿ ನೀರು ತುತ್ತಿಗೆ ತಾಗ್ತಾ ಇರ್ತದೆ, ಬೇಗ ಕರಗ್ತದೆ. ಅಡಿಗೆ ಹಾಕಿದ್ರೆ ಕೋಲಲ್ಲಿ ಕದಡಿ ಸಾಕಾಗ್ತದೆ. ಕಬ್ಬಿಣದ ಪಾತ್ರೆ ಮಾತ್ರ ಬೇಡ.

ಇನ್ನೊಂದು ಡ್ರಮ್ಮಲ್ಲಿ ಸುಟ್ಟ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಕೊತಕೊತ ಕುದಿತದೆ, ಮುಖ ಹತ್ರ ತರ್ಬೇಡಿ, ಕೈಗೆ ಗ್ಲೌಸ್ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಪೂರ್ತಿ ತಣಿದ ಮೇಲೆ ಸೋಸಿ 50 ಲೀಟರ್ ಮಾಡಿ.

ಈಗ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುದು, ಕೋಲಲ್ಲಿ ತಿರುಗಿಸ್ತಾ ತಿರುಗಿಸ್ತಾ. ಉಲ್ಟಾ ಮಾಡ್ಬೇಡಿ, ಕಣ ದಪ್ಪ ಆಗಿ ಬೇಗ ಅಡಿ ಹಿಡಿತದೆ, ಸ್ಪ್ರೇಯರ್ ನಾಜಲ್ ಕಟ್ಟಿಕೊಳ್ತದೆ.

ಮತ್ತೆ ಪರೀಕ್ಷೆ. ಪಿಎಚ್ ಪೇಪರ್ ಇದ್ರೆ ಅದ್ದಿ, ಬಣ್ಣವನ್ನು ಪಟ್ಟಿಗೆ ಹೋಲಿಸಿ ನೋಡಿ. ನೀಲಿ ಲಿಟ್ಮಸ್ ಕೆಂಪಾದ್ರೆ ಆಸಿಡ್ ಇನ್ನೂ ಉಂಟು ಅಂತ. ಪೇಪರ್ ಇಲ್ವಾ, ಹಳಬರ ಉಪಾಯ ಉಂಟಲ್ಲ, ಚೆನ್ನಾಗಿ ಉಜ್ಜಿದ ಕಬ್ಬಿಣದ ಚೂರಿಯನ್ನು ಒಂದೆರಡು ನಿಮಿಷ ಅದ್ದಿ ತೆಗೀರಿ. ಅಲಗಿನ ಮೇಲೆ ಕೆಂಪು ಪೊರೆ ಕೂತ್ರೆ ಅದು ತಾಮ್ರ, ಕಬ್ಬಿಣ ಕರಗಿ ಆ ಜಾಗಕ್ಕೆ ಅದು ಬಂದದ್ದು, ಅಂದ್ರೆ ಸುಣ್ಣ ಸಾಕಾಗ್ಲಿಲ್ಲ. ಸುಣ್ಣದ ನೀರು ಸ್ವಲ್ಪ ಹಾಕಿ, ಕದಡಿ, ಚೂರಿ ಉಜ್ಜಿ ಮತ್ತೆ ಅದ್ದಿ, ಪೊರೆ ಕೂರದಿದ್ರೆ ಸರಿ ಆಯ್ತು. ಹಾಗಂತ ಸುಣ್ಣ ಸುರಿದದ್ದೇ ಸುರಿದದ್ದು ಮಾಡಿದ್ರೆ ಮದ್ದಿನ ಕೆಲ್ಸವೇ ನಿಧಾನ ಆಗ್ತದೆ.

ಕಲಸಿದ್ದನ್ನು ಅದೇ ದಿನ ಮುಗಿಸಿ. ಸುಮಾರು 40–45 ದಿನ ಬಿಟ್ಟು ಎರಡನೇ ಸಲ ಬಿಡುವಾಗ ಸುಣ್ಣ ಅದೇ ಗೋಣಿಯದ್ದಾದ್ರೂ ಚೂರಿ ಅದ್ದಿಯೇ ನೋಡಿ, ಮಳೆಗಾಲದ ತೇವ ಗಾಳಿಗೆ ಅದು ಮತ್ತಷ್ಟು ಸತ್ವ ಕಳ್ಕೊಂಡಿರ್ತದೆ.