ಮದರ್‌ಬೋರ್ಡ್ ಅದೇ, ಮಿಕ್ಕಿದ್ದು ಹೊಸತು: ನನ್ನ ಗೇಮಿಂಗ್ ಪಿಸಿ ಅಪ್‌ಗ್ರೇಡ್

ರೈಜೆನ್ 5 1600 ಸಿಪಿಯು, ಬಿ350 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. 2017ರಲ್ಲಿ ಇದು ಒಳ್ಳೆಯ ಗೇಮಿಂಗ್ ಪಿಸಿಯೇ. ಈಚಿನ ಗೇಮ್‌ಗಳಲ್ಲಿ ಮಾತ್ರ ಮುಗ್ಗರಿಸತೊಡಗಿತ್ತು. ಪೂರ್ತಿ ಹೊಸದನ್ನು ಕೊಳ್ಳುವಷ್ಟು ದುಡ್ಡಿರಲಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಕಣ್ಣೂ ಮೊದಲು ಗ್ರಾಫಿಕ್ಸ್ ಕಾರ್ಡ್ ಮೇಲೇ ಬೀಳುತ್ತದೆ. ನಾನು ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಆಡುತ್ತಲೇ ಜಿಪಿಯು (ಕಾರ್ಡ್‌ನ ಚಿಪ್) ಬಳಕೆ ಗಮನಿಸಿದೆ. ಅದು 97–99% ಇದ್ದರೆ ಕಾರ್ಡ್‌ಗೆ ಸುಸ್ತಾಗಿದೆ ಎಂದರ್ಥ. ನನ್ನದು ಆಗಾಗ 70ರ ಆಸುಪಾಸಿಗೆ ಇಳಿಯುತ್ತಿತ್ತು. ರೆಸಲ್ಯೂಷನ್ 1080ಪಿಯಿಂದ 720ಪಿಗೆ ತಂದರೂ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರಲಿಲ್ಲ. ಅಂದರೆ ಕಾರ್ಡ್ ಬಿಡುವಾಗಿ ಕೂತಿದೆ, ಅದಕ್ಕೆ ಕೆಲಸ ಒದಗಿಸಲು ಸಿಪಿಯು, ರ‍್ಯಾಮ್‌ಗಳ ಕೈಲಿ ಆಗುತ್ತಿಲ್ಲ. ಕಾಸು ಖರ್ಚಿಲ್ಲದ ಈ ಪರೀಕ್ಷೆಯೇ ಮುಂದಿನದನ್ನೆಲ್ಲ ತೀರ್ಮಾನಿಸಿತು.

ಮೊದಲು ಇನ್ನೊಂದು 8 ಜಿಬಿ ರ‍್ಯಾಮ್ ತಂದೆ. ಸಿಪಿಯು ಕಡೆಯಿಂದ ಎರಡನೇ, ನಾಲ್ಕನೇ ಸ್ಲಾಟ್‌ಗೆ ಹಾಕಿದರೆ ಡ್ಯುಯಲ್ ಚಾನೆಲ್, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ನೋಡಿದರೆ 3200 ವೇಗದ ರ‍್ಯಾಮ್ 2133ರಲ್ಲಿ ತೆವಳುತ್ತಿದೆ! ಅದನ್ನು ಪೂರ್ಣ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಿದೆ. ಮೊದಲ ತಲೆಮಾರಿನ ರೈಜೆನ್‌ಗೆ 3200 ಸರಿಯಾಗಿ ಒಗ್ಗದೆ ಸದ್ಯಕ್ಕೆ 2933ಕ್ಕೆ ನಿಲ್ಲಿಸಿದೆ. ಇಷ್ಟಕ್ಕೇ ಅರ್ಧ ತೊಡರು ಹೋಯಿತು.

ಆಮೇಲೆ ಸಿಪಿಯು. ಎಎಂ4 (ಸಿಪಿಯು ಕೂರಿಸುವ ಸಾಕೆಟ್‌ನ ಹೆಸರು) ಬೋರ್ಡ್ ಇರುವವರು ಅದೃಷ್ಟವಂತರು: ನನ್ನ ಬಿ350ಯಂಥ 300 ಸರಣಿಯ ಬೋರ್ಡ್‌ಗಳಿಗೂ ರೈಜೆನ್ 5000 ಹಾಕಲು ಎಎಂಡಿ 2022ರಲ್ಲಿ ದಾರಿ ಮಾಡಿಕೊಟ್ಟಿತು. ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ನನ್ನ ಮಾಡೆಲ್ ಇರುವುದನ್ನು ಖಾತ್ರಿ ಮಾಡಿಕೊಂಡೇ ರೈಜೆನ್ 5 5600 ಕೊಂಡೆ. ಬಯೋಸ್ ಅಪ್‌ಡೇಟ್ ಹಳೆಯ ಸಿಪಿಯು ಇರುವಾಗಲೇ ಆಗಬೇಕು, ನಡುವೆ ಕರೆಂಟ್ ಹೋಗಬಾರದು. ಕೆಲವು ಬೋರ್ಡ್‌ಗಳಲ್ಲಿ ಹೊಸ ಬಯೋಸ್ ಬಂದ ಮೇಲೆ ಹಳೆಯ ಸಿಪಿಯು ನಡೆಯುವುದೇ ಇಲ್ಲ. ಕೂಲರ್ ಬಿಚ್ಚುವ ಮುಂಚೆ ಒಂದಷ್ಟು ಹೊತ್ತು ಗೇಮ್ ಓಡಿಸಿ, ಪಿಸಿ ಆಫ್ ಮಾಡಿ, ಬಿಸಿ ಆರುವ ಮೊದಲೇ ಮೆಲ್ಲಗೆ ತಿರುಗಿಸಿ ತೆಗೆದೆ. ಶಾಖ ಸಾಗಿಸಲು ನಡುವೆ ಹಚ್ಚಿದ ಪೇಸ್ಟ್ ಒಣಗಿ ಸಿಪಿಯು ಕೂಲರ್‌ಗೆ ಅಂಟಿಕೊಂಡೇ ಕಿತ್ತುಬಂದರೆ ಪಿನ್‌ಗಳ ಗತಿ ದೇವರೇ ಬಲ್ಲ. ಹೊಸ ಸಿಪಿಯು ಜೊತೆ ರ‍್ಯಾಮ್ 3200ಕ್ಕೆ ಏರಿತು.

ಈಗ ಜಿಪಿಯು ಬಳಕೆ 99% ಮುಟ್ಟಿತು, ಕಾರ್ಡ್ ಸರದಿ ಬಂತು. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಸಿಕ್ಕಿತು: 8 ಜಿಬಿ, 132 ವ್ಯಾಟ್, ಒಂದೇ 8 ಪಿನ್ ಕೇಬಲ್. ನನ್ನ 500 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಸಾಕಾಯಿತು. ಆರ್‌ಎಕ್ಸ್ 6500 ಎಕ್ಸ್‌ಟಿ ಇನ್ನೂ ಅಗ್ಗವಿತ್ತು, ಆದರೆ ಅದಕ್ಕಿರುವುದು ನಾಲ್ಕೇ ಪಿಸಿಐಇ ಲೇನ್ (ಕಾರ್ಡ್, ಬೋರ್ಡ್ ನಡುವಿನ ಡೇಟಾ ದಾರಿ). ನನ್ನದರಂಥ ಹಳೆಯ, ನಿಧಾನದ ಪಿಸಿಐಇ 3.0 ಬೋರ್ಡ್‌ನಲ್ಲಿ ಅದು ದೊಡ್ಡ ಕೊರತೆ. 6600ಕ್ಕೆ ಎಂಟು ಇವೆ, ನಷ್ಟ ಅಷ್ಟಾಗಿ ತಿಳಿಯುವುದಿಲ್ಲ. ದುಡ್ಡು ಕೊಡುವ ಮುಂಚೆ ಭಾರವಾದ ಗೇಮ್ ಓಡಿಸಿ, ಫ್ಯಾನ್ ಸದ್ದು, ಶಾಖ ಎರಡನ್ನೂ ನೋಡಿಕೊಂಡೆ.

ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಕೊಳ್ಳಲಿಲ್ಲ. ಸಾಟಾ ಎಸ್‌ಎಸ್‌ಡಿ ಆಗಲೇ ಇತ್ತು, ಗೇಮ್ ಲೋಡ್ ಆಗುವುದರಲ್ಲಿ ಸಾಮಾನ್ಯವಾಗಿ ಕೆಲವೇ ಸೆಕೆಂಡ್ ವ್ಯತ್ಯಾಸ. ಬಣ್ಣದ ಲೈಟುಗಳ ಮಾತಂತೂ ಬೇಡ. ಇನ್ನೊಂದು ಲಾಭ: 1600 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ, 5600 ಇದೆ. ಬಯೋಸ್‌ನಲ್ಲಿ ಎಫ್‌ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯ) ಆನ್ ಮಾಡಿದ್ದಷ್ಟೇ, ಇನ್‌ಸ್ಟಾಲ್ ತಕರಾರಿಲ್ಲದೆ ಮುಗಿಯಿತು.