ಗರ್ಭಚೀಲ ತೆಗಿಸಿದ ಮ್ಯಾಲೂ ಆಸೆ ಇರ್ತೈತಿ: ನನ್ನ ಅನುಭವ

ನಮ್ಮ ಹಾವೇರಿ, ಗದಗ ಕಡೆ ನಲವತ್ತು ದಾಟೂದ್ರಾಗ ಗರ್ಭಚೀಲ ತೆಗಿಸಿಕೊಂಡ ಹೆಣ್ಣಮಕ್ಕಳು ಓಣಿಗೊಬ್ಬರರ ಸಿಗ್ತಾರ. ಭಾರ ಎತ್ತಬ್ಯಾಡ, ಹೊಲಿಗಿ ಜ್ವಾಕಿ ಅಂತ ಎಲ್ಲಾರೂ ಹೇಳ್ತಾರ, ಆದ್ರ ಆಮ್ಯಾಲ ಹಾಸಿಗ್ಯಾಗ ನಿನ್ನ ಮೈ ಹ್ಯಾಂಗಿರ್ತೈತಿ ಅಂತ ಒಬ್ರೂ ಹೇಳೂದಿಲ್ಲ, ಅದಕ್ಕ ನಾನ ಬರೀಲಿಕ್ಕತ್ತೀನಿ. ನನಗೀಗ 52, ಹುಬ್ಬಳ್ಳ್ಯಾಗ ಇರ್ತೀನಿ. 44ಕ್ಕ ಫೈಬ್ರಾಯ್ಡ್ (ಗರ್ಭಚೀಲದಾಗಿನ ಗಡ್ಡಿ) ಸಲುವಾಗಿ ಚೀಲ ತೆಗಿಸಿದ್ದು, 48ಕ್ಕ ಮನಿಯವ್ರು ತೀರಿಕೊಂಡ್ರು.

ಹಸ್ತಮೈಥುನ ನಾ ಕಲ್ತಿದ್ದು ಎರಡನೇ ಕೂಸು ಆದ ಮ್ಯಾಲ. ಹಾಲುಣಿಸೂ ಟೈಮಿನ್ಯಾಗ ಯಾರೂ ಮೈ ಮುಟ್ಟೂದ ಬ್ಯಾಡ ಅನಸ್ತಿತ್ತು, ಕೆಳಗ ಒಣಗಿ ಉರಿ ಹತ್ತತಿತ್ತು. ಹಾಲುಣಿಸುವಾಗ ಹಾಲು ಬರಿಸೂ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿ, ಈಸ್ಟ್ರೋಜನ್ ಅನ್ನೂ ಹೆಣ್ಣಿನ ಹಾರ್ಮೋನ್ ಇಳೀತೈತಿ, ಹಿಂಗಾಗಿ ಮೈನೂ ಒಣಗ್ತೈತಿ ಮನಸೂ ಏಳೂದಿಲ್ಲ, ಗಂಡನ ಮ್ಯಾಲಿನ ಪ್ರೀತಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಹಾಲು ಬಿಡಿಸಿದ ಮ್ಯಾಲ ಆಸೆ ತಿರುಗಿ ಬಂತು, ಬಂದಿದ್ದು ನಾ ಒಬ್ಬಾಕಿನ ಇದ್ದಾಗ. ಕೂಡಿದ ಮನಿ ನಮ್ಮದು, ಒಬ್ಬಾಕಿ ಇರಬೇಕಂದ್ರ ಬಚ್ಚಲಮನಿ ಬಿಟ್ಟು ಬ್ಯಾರೆ ಜಾಗ ಇರ್ಲಿಲ್ಲ. ಆಗ ನಮ್ಮ ಓಣಿಗೆ ವಾರಕ್ಕೊಮ್ಮೆ ನೀರ ಬಿಡ್ತಿದ್ರು, ನೀರ ಬಂದ ದಿನ ಅತ್ತಿ, ನೆಗೆಣ್ಣಿ, ಹುಡುಗ್ರು ಎಲ್ಲಾ ಕೊಡ, ಬಕೆಟ್ಟು ಹಿಡಕೊಂಡು ಅಂಗಳದಾಗ ಗದ್ದಲ ಹಚ್ಚಿರ್ತಿದ್ರು, ನಾ ನನ್ನ ಪಾಳೆ ತುಂಬಿಸಿಟ್ಟು ತಲಿಗೆ ಎರಕೊಳ್ತೀನಿ ಅಂತ ಒಳಗ ಹೋಗಿ ಅಗಳಿ ಹಾಕ್ಕೊಳ್ತಿದ್ದೆ. ಹೊರಗ ಅಷ್ಟು ಸಪ್ಪಳ ಇದ್ದಾಗ ಒಳಗ ಮನಸಿಗೆ ಎಷ್ಟು ನಿರಾಳ ಅಂತ ಕೂಡಿದ ಮನ್ಯಾಗ ಬಾಳೇವು ಮಾಡಿದಾಕಿಗೇ ಗೊತ್ತು.

ಅಲ್ಲೇ ನನಗ ನನ್ನ ಮೈ ತಿಳೀತು. ಭಾಳ ಹೆಣ್ಣಮಕ್ಕಳಿಗೆ ಬರೇ ಒಳಗ ಸೇರೂದರಿಂದ ಪೂರ್ತಿ ಸುಖ ಆಗೂದಿಲ್ಲ, ಕ್ಲಿಟೋರಿಸ್, ಅಂದ್ರ ಯೋನಿ ಬಾಗಲದ ಮ್ಯಾಲಿರೂ ಸುಖದ ಅಂಗ, ಮುಟ್ಟಬೇಕಾಗ್ತೈತಿ. ಹೊರಗ ಕಾಣೂದು ಅದರ ತುದಿ ಅಷ್ಟ, ಉಳಿದದ್ದು ಒಳಗ ಯೋನಿಯ ಎರಡೂ ಬಾಜೂಕ ಹಬ್ಬಿರ್ತೈತಿ. 1998ರಾಗ ಆಸ್ಟ್ರೇಲಿಯಾದ ಹೆಲೆನ್ ಓಕಾನೆಲ್ ಅನ್ನೂ ಯೂರಾಲಜಿ (ಮೂತ್ರಾಂಗದ) ಸರ್ಜನ್ ಅದು ಖರೇ ಎಷ್ಟು ದೊಡ್ಡದೈತಿ ಅಂತ ವಿವರ ಸಮೇತ ತೋರಿಸಿಕೊಟ್ರು, ಅಂದ್ರ ನಾ ಮದಿವಿ ಆಗಿ ಬಂದ ಮ್ಯಾಲಿನ ಮಾತಿದು! ಚೀಲ ತೆಗೆಯೋ ಆಪರೇಷನ್‌ದಾಗ ಇದನ್ನ ಮುಟ್ಟೂದಿಲ್ಲ ಅನ್ನೂದನ್ನ ಮಾತ್ರ ಎಲ್ಲಾರೂ ತಿಳ್ಕೋಬೇಕು.

ಆಪರೇಷನ್ ಆದ ಮ್ಯಾಲ ಸುಮಾರು ಆರು ವಾರ, ಡಾಕ್ಟರ್ ಚೆಕ್ ಮಾಡಿ ಹೂಂ ಅನ್ನೂತನಕ, ಒಳಗ ಏನೂ ಸೇರಿಸಬಾರದು. ನಾನೂ ತಡದು, ಆಮ್ಯಾಲ ಬರೇ ಹೊರಗಿಂದ ಶುರು ಮಾಡಿದೆ. ಸುಖ ಬಂತು ಆದ್ರ ಬ್ಯಾರೆ ಥರ. ಮೊದಲೆಲ್ಲಾ ಕಡೀಕ ಹೊಟ್ಟಿ ಕೆಳಗ ಆಳದಾಗ ಹಿಂಡಿದಂಗ ಆಗತಿತ್ತು, ಅದು ಗರ್ಭಚೀಲ ಹಿಂಡೂದು, ಈಗ ಚೀಲಾನ ಇಲ್ಲ. ಆ ರಾತ್ರಿ ಅತ್ತಿದ್ದೆ. ಮುಂದ ಅವಸರ ಬಿಟ್ಟು ಹೊಸದಾಗಿ ಹುಡಿಕಿದೆ. ತುದಿ ಮ್ಯಾಲ ನೇರ ಮುಟ್ಟಿದ್ರ ಚುರುಕು ಅನಸ್ತಿತ್ತು, ಬಾಜೂಕ, ಅರಬಿ ಮ್ಯಾಲಿಂದ, ಅಂಗೈಯಿಂದ ಮುಟ್ಟಿದ್ರ ಹಿತ ಆಗತಿತ್ತು. ಮೂತ್ರ ತಡಿಯೂ ಸ್ನಾಯು ಬಿಗಿ ಮಾಡಿ ಸಡಲ ಬಿಡೂ ಕೀಗಲ್ ವ್ಯಾಯಾಮ ಐತಲ್ಲ, ಅದನ್ನ ದಿನಾ ಅಡಗಿ ಮಾಡಕೋತ ಮಾಡಿದೆ, ಕೆಲವು ತಿಂಗಳಿನ್ಯಾಗ ಆ ಬಿಗಿತ ಕೆಳಗಿನ ಸ್ನಾಯುವಿನ್ಯಾಗ ಸಿಗಾಕ ಹತ್ತಿತು. ಮೊದಲಿಗಿಂತ ಟೈಮ್ ಜಾಸ್ತಿ ಬೇಕಾಗ್ತೈತಿ, ಕೊಡ್ರಿ, ಯಾವ ಗಾಡಿ ಹಿಡಿಯೂದೈತಿ?

ಮನಿಯವ್ರು ಹೋದ ಮ್ಯಾಲ ಭಾಳ ದಿನ ಮೈ ಸುಮ್ಮನ ಇತ್ತು. ಆಮ್ಯಾಲ ಆಸೆ ಬಂತು, ಜೋಡಿಗೇ ಪಾಪ ಮಾಡಿದಂಗ ಸಂಕಟಾನೂ ಬಂತು, ಗೋಡಿ ಮ್ಯಾಲಿನ ಅವರ ಫೋಟೋ ನೋಡಾಕ ಆಗತಿರ್ಲಿಲ್ಲ. ಕುಂಕುಮ ಅಳಿಸಿದ್ರ ನರದಾಗಿನ ಜೀವ ಅಳೀತೈತೇನು? ಯಾರಿಗೂ ಮೋಸ ಇಲ್ಲ, ಯಾರ ಹಂಗೂ ಇಲ್ಲ, ಆ ಹೊತ್ತಿನ್ಯಾಗ ಅವ್ರನ್ನ ನೆನಿಸಿಕೊಂಡ್ರೂ ತಪ್ಪಿಲ್ಲ ನೆನಿಸದಿದ್ರೂ ತಪ್ಪಿಲ್ಲ. ಅವತ್ತು ಚಲೋ ನಿದ್ದಿ ಬರ್ತೈತಿ, ಅದನ್ನಂತೂ ನಾ ಎದಿ ಮುಟ್ಟಿ ಹೇಳ್ತೀನಿ.

ಇನ್ನ ಮುಟ್ಟು ನಿಲ್ಲೂದು. ಚೀಲ ಇದ್ದವ್ರಿಗೆ 12 ತಿಂಗಳು ಮುಟ್ಟು ಬರ್ಲಿಲ್ಲಂದ್ರ ಮೆನೋಪಾಸ್ ಅಂತ ತಿಳೀತೈತಿ, ನನ್ನಂಥಾಕಿಗೆ ಹ್ಯಾಂಗ ತಿಳೀಬೇಕು? ರಾತ್ರಿ ಬೆವತು ಎದ್ದು ಕುಂದ್ರೂದು, ಕೆಳಗ ಮತ್ತ ಒಣಗೂದು, ಉರಿಮೂತ್ರ, ಇವು ಬಂದಾಗ ಲೇಡಿ ಡಾಕ್ಟರ್ ಹಂತೇಕ ಹೋಗಿ ಬಾಯಿಬಿಟ್ಟು ಹೇಳಿದೆ. ಈಸ್ಟ್ರೋಜನ್ ಇಳದು ಒಳಗಿನ ಚರ್ಮ ತೆಳ್ಳಗ ಆಗೈತಿ ಅಂತ ಎಸ್ಟ್ರಿಯಾಲ್ ಅನ್ನೂ ಈಸ್ಟ್ರೋಜನ್ ಕ್ರೀಮ್ ಬರಕೊಟ್ರು, ಮೊದಮೊದಲ ದಿನಾಲೂ ರಾತ್ರಿ, ಆಮ್ಯಾಲ ವಾರಕ್ಕ ಎರಡು ಸಲ. ಸ್ತನ ಕ್ಯಾನ್ಸರ್ ಆದವ್ರು ಡಾಕ್ಟರ್‌ನ್ನ ಕೇಳದ ಹಚ್ಚಬ್ಯಾಡ್ರಿ. ಸುಖಕ್ಕಂತ ಮೆಡಿಕಲ್ ಶಾಪ್‌ನ್ಯಾಗ ಒಣಗಿದಲ್ಲಿ ಜಾರಿಕಿ ಕೊಡೂ ನೀರಿನ ಜೆಲ್ ಸಿಗ್ತೈತಿ. ಕೆಲವ್ರು ಕೊಬ್ಬರಿ ಎಣ್ಣಿ ಹಚ್ಚತಾರ, ಆದ್ರ ನಿರೋಧ್ ಜೋಡಿ ಎಣ್ಣಿ ಹಚ್ಚಿದ್ರ ಅದು ಹರೀತೈತಿ.

ರಾಣೆಬೆನ್ನೂರ ಕಡೆ ಇರೂ ನನ್ನ ಸಣ್ಣ ನೆಗೆಣ್ಣಿ ಮೊನ್ನೆ ಬಂದಾಗ ಹಿತ್ತಲದಾಗ ಸೊಪ್ಪು ಸೋಸಕೋತ, "ಅಕ್ಕಾ, ಚೀಲ ತೆಗಿಸಿದಾಗಿಂದ ನನಗ ಏನೂ ಬ್ಯಾಡ ಅನಸ್ತೈತಿ, ಎಲ್ಲಾ ಮುಗದಂಗನ ಏನು?" ಅಂದ್ಲು. 38ಕ್ಕ ಆಕೀದು ಆಪರೇಷನ್ ಆಗಿತ್ತು. ಡಿಸ್ಚಾರ್ಜ್ ಕಾರ್ಡ್ ತರಿಸಿ ನೋಡಿದೆ, ಟಿಎಎಚ್ (ಹೊಟ್ಟಿ ಕೊಯ್ದು ಗರ್ಭಚೀಲ ತೆಗಿಯೂದು) ಅಂತ ಬರದ ಬಾಜೂಕ ಬಿಎಸ್‌ಒ ಅಂತ ಇತ್ತು, ಅಂದ್ರ ಎರಡೂ ಅಂಡಾಶಯ ಸೈತ ತೆಗದಾರ. ಅವನ್ನ ತೆಗದ್ರ ಮೆನೋಪಾಸ್ ಒಮ್ಮಿಂದೊಮ್ಮೆ ಬಡೀತೈತಿ, ಆಸೆಗೆ ಬೇಕಾದ ಹಾರ್ಮೋನೂ ಇಳೀತೈತಿ, ಎಲುಬೂ ಸವೀತಾವ. ಆಕಿಗೆ ಇದನ್ನ ಅಲ್ಲಿ ಒಬ್ರೂ ಹೇಳಿರ್ಲಿಲ್ಲ, ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆತು ನನಗ. ಮರುದಿನಾನ ನಮ್ಮ ಡಾಕ್ಟರ್ ಕಡೆ ಕರಕೊಂಡು ಹೋದೆ, ಎಲುಬಿನ ಟೆಸ್ಟ್ ಬರದ್ರು, ಹಾರ್ಮೋನ್ ಗುಳಿಗಿ ಕೊಡಬಹುದೇನು ಅಂತ ಬಿಪಿ, ರಕ್ತ ಎಲ್ಲಾ ನೋಡಾಕ ಹತ್ಯಾರ. ಹೊರಗ ಬಂದ ಮ್ಯಾಲ ಆಕಿ ಸಣ್ಣ ದನಿಲೆ, "ಅಕ್ಕಾ, ಆ ಜೆಲ್ ಚೀಟಿ ಇಲ್ಲದ ಕೊಡ್ತಾರೇನ?" ಅಂದ್ಲು. ಕೊಡ್ತಾರ ಬಾ ಅಂತ ಮೆಡಿಕಲ್ ಶಾಪಿಗೆ ಹೋಗಿ ಎರಡು ಟ್ಯೂಬ್ ತೊಗೊಂಡ್ವಿ, ಆಕಿಗೊಂದು, ನನಗೊಂದು.